ಹುಲಿ ನೋಡಲು ಬಂದವರ ಹಣ ಹಳ್ಳಿಯ ಬೀದಿಗೂ ಬರಲಿ

ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೊರಟವರಿಗೆ ರಸ್ತೆಯ ಎರಡು ಬದಿಯೂ ಹಳದಿಯಾಗಿ ಕಾಣುತ್ತದೆ. ಒಂದು ಹೊಲದಲ್ಲಿ ಸೂರ್ಯಕಾಂತಿ, ಪಕ್ಕದ ಹೊಲದಲ್ಲಿ ಚೆಂಡು ಹೂ. ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತಿದ ಸೂರ್ಯಕಾಂತಿ ಹೂ ಬಿಚ್ಚುವ ಹೊತ್ತಿಗೆ ಕೇರಳದ ಕಾರುಗಳು ರಸ್ತೆಯಂಚಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಅಂಥ ಒಂದು ಹೊಲದ ಬದುವಿನ ಮೇಲೆ ವಯಸ್ಸಾದ ರೈತರೊಬ್ಬರು ಕೊಡೆ ಹಿಡಿದು ಕುಳಿತಿದ್ದರು. ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ಡಬ್ಬ. ಒಳಗೆ ಹೋಗುವವರು ಡಬ್ಬಕ್ಕೆ ಹಣ ಹಾಕಿ ಹೋಗುತ್ತಿದ್ದರು. ನಾನು ಗಾಡಿ ನಿಲ್ಲಿಸಿ, “ಏನು ಯಜಮಾನರೇ, ಹೂ ಮಾರುವುದು ಬಿಟ್ಟು ನೋಟ ಮಾರುತ್ತಿದ್ದೀರಾ?” ಎಂದೆ.

“ಮೊದ್ಲನೇ ವರ್ಷ ಸುಮ್ನಿದ್ದೆ ಸ್ವಾಮಿ. ಜನ ನುಗ್ಗಿ ತುಳಿದು ಹಾಳು ಮಾಡುದ್ರು. ಎರಡ್ನೇ ವರ್ಷ ಬಯ್ದೆ, ಯಾರೂ ಕೇಳ್ನಿಲ್ಲ. ಈಗ ಕಾಸು ಈಸ್ಕತಾ ಇವ್ನಿ. ಈಗ ಒಬ್ರೂ ಗಿಡ ತುಳಿಯಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಕಾಡಿನ ಕಡೆ ಕೈ ತೋರಿಸಿ, “ಅಲ್ಲಿಂದ ಬರೋ ಆನೆ ತುಳಿದುದ್ಕೆ ಡಬ್ಬ ಎಲ್ಲಿ ಇಡನ ಹೇಳಿ?” ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಅಂದಿನಿಂದ ನೋಡಿದ್ದು, ಕೇಳಿದ್ದು, ಓದಿ ತಿಳಿದದ್ದು ಇವನ್ನು ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ.

ಕಾಡು ಬೆಳೆದ ಬಗೆ

ನಮ್ಮ ಜಿಲ್ಲೆಯ ಅರ್ಧದಷ್ಟು ಭಾಗ ಕಾಡು. ಬಂಡೀಪುರದಲ್ಲಿ 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ 90 ಚದರ ಕಿಲೋಮೀಟರ್ ಜಾಗವನ್ನು ಅಭಯಧಾಮವೆಂದು ಗುರುತಿಸಲಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2011ರ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟವೂ ಹುಲಿ ಸಂರಕ್ಷಿತ ಪ್ರದೇಶವಾಯಿತು.

ರಕ್ಷಣೆ ಫಲ ಕೊಟ್ಟಿದೆ ಎಂಬುದನ್ನು ಒಪ್ಪಲೇಬೇಕು. 2022ರ ಗಣತಿಯ ಪ್ರಕಾರ ಬಂಡೀಪುರದಲ್ಲಿ 150 ಹುಲಿ, ರಾಜ್ಯದಲ್ಲಿ 563. 2023ರ ಆನೆ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆ. ಅದರಲ್ಲಿ ಸಾವಿರಕ್ಕೂ ಮಿಕ್ಕಿ ಬಂಡೀಪುರದಲ್ಲೇ. ಓದಿದವರಿಗೆ ಇದು ಹೆಮ್ಮೆಯ ಸಂಗತಿ. ಕಾಡಂಚಿನಲ್ಲಿ ಬಾಳೆ, ಕಬ್ಬು, ರಾಗಿ ಬೆಳೆಯುವವರಿಗೆ ಅದು ರಾತ್ರಿ ಅಟ್ಟಣೆ ಮೇಲೆ ಕಳೆಯುವ ನಿದ್ರೆ. ಎರಡೂ ನಿಜವೇ.

ತಾಳ್ಮೆ ತಪ್ಪಿದ ವರ್ಷ

2025ನೆಯ ವರ್ಷವನ್ನು ನಮ್ಮ ಭಾಗದ ಯಾರೂ ಬೇಗ ಮರೆಯಲಾರರು. ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷ ಸೇರಿದ ಹಸುವಿನ ಮಾಂಸ ತಿಂದು ಸತ್ತುಬಿದ್ದವು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ತಂದಿಟ್ಟ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಊರಿನವರು ಕೂಡಿಹಾಕಿದರು. ಅಕ್ಟೋಬರ್, ನವೆಂಬರ್‌ನಲ್ಲಿ ಪಕ್ಕದ ಸರಗೂರು ತಾಲ್ಲೂಕಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಲು ಆದೇಶಿಸಿದರು.

ಸಫಾರಿ ನಿಲ್ಲಿಸಬೇಕೆಂಬುದು ರೈತ ಸಂಘದವರ ಒತ್ತಾಯವೂ ಆಗಿತ್ತು. ಜೀಪಿನ ಸದ್ದಿಗೆ ಹುಲಿ ಹೊರಬರುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಊರೊಳಗೆ ಬರುವ ಹುಲಿಗಳಲ್ಲಿ ಹೆಚ್ಚಿನವು ವಯಸ್ಸಾದವು, ಗಾಯಗೊಂಡವು, ಇಲ್ಲವೇ ತಮ್ಮದೇ ಜಾಗ ಹುಡುಕುತ್ತಿರುವ ಪ್ರಾಯದವು ಎಂದು ಬಲ್ಲವರು ಹೇಳುತ್ತಾರೆ. ನಾನು ಬೇಸಾಯದ ಮನುಷ್ಯ. ಹುಲಿಯ ಮನಸ್ಸು ನನಗೆ ತಿಳಿಯದು. ಆದರೆ ಆ ದಿನಗಳಲ್ಲಿ ಕಂಡ ಒಂದು ಸಂಗತಿಯನ್ನು ಹೇಳಬೇಕು. ಸಫಾರಿ ನಿಂತಿತೆಂದು ಒಂದು ಹಳ್ಳಿಯ ಅರಳಿಕಟ್ಟೆಯಲ್ಲಿ ಕುಳಿತವರು ಸಂತೋಷಪಟ್ಟರು. ಅದೇ ಹಳ್ಳಿಯ ಇಬ್ಬರು ಯುವಕರು, ಒಬ್ಬ ವಾಹನ ಚಾಲಕ, ಇನ್ನೊಬ್ಬ ಅಡುಗೆ ಸಹಾಯಕ, ಕೆಲಸವಿಲ್ಲದೆ ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಿದ್ದರು. ಇಡೀ ಊರಿನಲ್ಲಿ ಸಫಾರಿಯಿಂದ ಬದುಕುತ್ತಿದ್ದವರು ಆ ಇಬ್ಬರೇ. ಉಳಿದ ನೂರಾರು ಮನೆಗಳಿಗೆ ಅದು ಇದ್ದರೂ ಒಂದೇ, ನಿಂತರೂ ಒಂದೇ. ಬರುವ ಪ್ರವಾಸಿಗರ ಹಣ ಹೆದ್ದಾರಿಯ ಮೇಲೆಯೇ ಹರಿದು ಹೋಗುತ್ತದೆ, ಹಳ್ಳಿಯ ಬೀದಿಗೆ ತಿರುಗುವುದಿಲ್ಲ. ಹುಲಿಯಿಂದ ನಷ್ಟ ಎಲ್ಲರಿಗೂ, ಲಾಭ ಕೆಲವರಿಗೆ ಎಂದಾದಾಗ ಊರಿನ ತಾಳ್ಮೆ ಎಷ್ಟು ದಿನ ಉಳಿದೀತು?

ಇದು ನಮ್ಮೊಬ್ಬರ ಕಥೆಯಲ್ಲ. ನಾಗರಹೊಳೆಯೂ ಸೇರಿದಂತೆ ದೇಶದ ಹತ್ತು ರಕ್ಷಿತಾರಣ್ಯಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರವಾಸಿಗರು ವರ್ಷವರ್ಷಕ್ಕೆ ಹೆಚ್ಚುತ್ತಿದ್ದರೂ ಸುತ್ತಲಿನ ಹಳ್ಳಿಗರಲ್ಲಿ ಅದರಿಂದ ನೇರ ಕೆಲಸ ಸಿಕ್ಕವರು ತೀರ ನಗಣ್ಯವೆಂದು ತೋರಿಸಿದೆ.

ಗೊಬ್ಬರದ ಲಾರಿ ಕಲಿಸಿದ ಪಾಠ

ಹೊರಗಿನ ಹಣ ಹಳ್ಳಿಗೆ ಬಂದರೆ ಸಾಕು, ಕಾಡು ತಾನಾಗಿ ಉಳಿಯುತ್ತದೆ ಎಂದುಕೊಳ್ಳುವುದೂ ತಪ್ಪು. ಇದಕ್ಕೆ ನಮ್ಮ ತಾಲ್ಲೂಕಿನದೇ ನಿದರ್ಶನವಿದೆ. ಹಿರಿಯ ರೈತರಿಗೆ ನೆನಪಿರಬಹುದು. 1994ರಲ್ಲಿ ದೂರದ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಬೆಳೆ ಸುಟ್ಟುಹೋಯಿತು. ಜಗತ್ತಿನ ಪೇಟೆಯಲ್ಲಿ ಕಾಫಿ ಬೆಲೆ ಏರಿತು. ವಯನಾಡು ಮೊದಲಾದ ಕಾಫಿ ಸೀಮೆಯವರು ತೋಟಕ್ಕೆ ಸಗಣಿ ಗೊಬ್ಬರ ಹುಡುಕಿಕೊಂಡು ನಮ್ಮ ಹಂಗಳ ಸೀಮೆಗೆ ಬಂದರು. ಲಾರಿಗಳು ನಿಂತವು. ಅಲ್ಲಿಯವರೆಗೆ ನಮ್ಮ ಹೊಲಕ್ಕೆ ಬೀಳುತ್ತಿದ್ದ ಸಗಣಿ ಮಾರಾಟದ ಸರಕಾಯಿತು.

ಹಾಲು ಕೊಡದ, ಉಳುಮೆಗೆ ಬಾರದ ದನವನ್ನೂ ಸಗಣಿಗಾಗಿಯೇ ಸಾಕಿ, ಬೆಳಿಗ್ಗೆ ಕಾಡಿಗಟ್ಟಿ ಸಂಜೆ ಕೊಟ್ಟಿಗೆಗೆ ತರುವುದು ರೂಢಿಯಾಯಿತು. ಕಾಡಿನ ಹುಲ್ಲು ದನದ ಹೊಟ್ಟೆ ಸೇರಿ, ಸಗಣಿಯಾಗಿ, ಲಾರಿ ಹತ್ತಿ ಘಟ್ಟ ದಾಟಿತು. ಜಿಂಕೆ, ಕಾಟಿಗಳಿಗೆ ಮೇವು ಕಡಿಮೆಯಾಯಿತು. ನಮ್ಮ ಹೊಲಗಳಿಗೆ ಗೊಬ್ಬರ ಕಡಿಮೆಯಾಯಿತು. ಇದನ್ನು ಹಂಗಳದಲ್ಲಿ ನಿಂತು ಅಧ್ಯಯನ ಮಾಡಿದ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರ ವರದಿ 2005ರಲ್ಲಿ ಹೊರಬಂದಿತು. ಅದನ್ನು ಓದಿದಾಗ ಒಬ್ಬ ಕೃಷಿ ಅಧಿಕಾರಿಯಾಗಿ ನನಗೆ ನಾಚಿಕೆಯಾಯಿತು. ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಅಂಶ ಕಡಿಮೆ ಎಂದು ಹೇಳುತ್ತಿದ್ದವರು ನಾವೇ. ಅದು ಯಾವ ದಾರಿಯಲ್ಲಿ ಹೊರಟುಹೋಗುತ್ತಿದೆ ಎಂದು ನೋಡಲು ಮರೆತವರೂ ನಾವೇ.

ಪ್ರವಾಸಿಗರ ಹಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಾಡನ್ನು ತಿಂದು ಬರುವ ಹಣ ಬೇರೆ, ಕಾಡು ಇದ್ದರೆ ಮಾತ್ರ ಬರುವ ಹಣ ಬೇರೆ. ಎರಡನೆಯದನ್ನು ಹಳ್ಳಿಗೆ ತಿರುಗಿಸುವ ಕಾಲುವೆಗಳು ಯಾವುವು ಎಂಬುದೇ ಈಗ ನೋಡಬೇಕಾದ್ದು.

ರೆಸಾರ್ಟಿನ ಅಡುಗೆಮನೆಗೆ ನಮ್ಮ ತರಕಾರಿ

ನನ್ನ ಅಭಿಪ್ರಾಯದಲ್ಲಿ ರೈತನಿಗೆ ಅತ್ಯಂತ ಹತ್ತಿರದ ಕಾಲುವೆ ಇದು. ಇಪ್ಪತ್ತು ಕೋಣೆಗಳ ಒಂದು ವಸತಿಗೃಹವೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೋಣೆಗೆ ಇಬ್ಬರಂತೆ 40 ಅತಿಥಿಗಳು, ಕೆಲಸದವರು 30. ಒಬ್ಬರಿಗೆ ದಿನಕ್ಕೆ ಕಾಲು ಕಿಲೋ ತರಕಾರಿ ಎಂದರೆ ಹದಿನೇಳು ಹದಿನೆಂಟು ಕಿಲೋ. ವರ್ಷದ ಸರಾಸರಿಯಲ್ಲಿ ಅರ್ಧ ಕೋಣೆ ಮಾತ್ರ ತುಂಬಿದರೂ ಸುಮಾರು 45 ಕ್ವಿಂಟಲ್ ತರಕಾರಿ ಬೇಕು. ಇದು ಒಂದು ವಸತಿಗೃಹದ ಮಾತು. ಇದರ ಮೇಲೆ ಹಾಲು, ಮೊಟ್ಟೆ, ಬಾಳೆಹಣ್ಣು, ತೆಂಗಿನಕಾಯಿ, ರಾಗಿ ಹಿಟ್ಟು, ಅರಿಶಿನ ಪುಡಿ. ಇವೆಲ್ಲ ನಮ್ಮಲ್ಲಿ ಬೆಳೆಯದ ಪದಾರ್ಥಗಳೇ? ತೆರಕಣಾಂಬಿ ಮಾರುಕಟ್ಟೆಯಿಂದ ಲಾರಿಗಟ್ಟಲೆ ತರಕಾರಿ ಹೊರಗೆ ಹೋಗುತ್ತದೆ. ಟೊಮೇಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿಯುವವರೂ ನಾವೇ.

ಆದರೆ ಇದು ಹೇಳಿದಷ್ಟು ಸುಲಭವಲ್ಲ. ಕೆಲವು ವರ್ಷಗಳ ಹಿಂದೆ ಹನ್ನೊಂದು ರೈತರ ಗುಂಪೊಂದನ್ನು ಕಟ್ಟಿ, ಒಂದು ವಸತಿಗೃಹಕ್ಕೆ ತರಕಾರಿ ಕೊಡುವ ಏರ್ಪಾಡು ಮಾಡಿಸಿದ್ದೆ. ಆರು ತಿಂಗಳಿಗೆ ಮುರಿದುಬಿತ್ತು. ತಪ್ಪು ಎರಡು ಕಡೆಯದೂ ಇತ್ತು, ಮೂರನೆಯದು ನನ್ನದು. ಅವರು ಎರಡೆರಡು ತಿಂಗಳು ಹಣ ಕೊಡಲಿಲ್ಲ. ನಮ್ಮವರು ಬೆಲೆ ಏರಿದ ವಾರ ಎಲ್ಲರೂ ಮಂಡಿಗೆ ಹಾಕಿ ವಸತಿಗೃಹಕ್ಕೆ ಕೈಕೊಟ್ಟರು, ಬೆಲೆ ಬಿದ್ದ ವಾರ ಹನ್ನೊಂದು ಜನವೂ ಟೊಮೇಟೊ ಹೊತ್ತುಕೊಂಡು ಹೋಗಿ ಅದೇ ಬಾಗಿಲಲ್ಲಿ ನಿಂತರು. ಅಡುಗೆಯವನು ದಿನವೂ ಟೊಮೇಟೊ ಬಾತ್ ಮಾಡಲಾದೀತೆ! ಯಾರು ಯಾವಾಗ ಏನು ಬಿತ್ತಬೇಕೆಂದು ಮೊದಲೇ ಕೂರಿಸಿ ಬರೆಸದೇ ಹೋದದ್ದು ನನ್ನ ತಪ್ಪು.

ಆದ್ದರಿಂದ ಗುಂಪು ಕಟ್ಟುವವರು ಈ ಕೆಲವನ್ನು ಗಮನಿಸಬೇಕು. ಮೊದಲು ಅಡುಗೆಯವನನ್ನು ಕಂಡು ವಾರಕ್ಕೆ ಏನು, ಎಷ್ಟು ಎಂದು ಬರೆಸಿಕೊಳ್ಳಿ. ಸೊಪ್ಪನ್ನು ಒಂದೇ ಸಲ ಒಂದು ಎಕರೆ ಬಿತ್ತುವ ಬದಲು ಹತ್ತು ದಿನಕ್ಕೊಮ್ಮೆ ಎರಡೆರಡು ಗುಂಟೆಯಂತೆ ಬಿತ್ತಿರಿ. ಬೆಲೆಯನ್ನು ಮೂರು ತಿಂಗಳಿಗೊಮ್ಮೆ ಗೊತ್ತುಮಾಡಿ, ಮಂಡಿ ಬೆಲೆ ಏರಿದರೂ ಇಳಿದರೂ ಅದಕ್ಕೇ ನಿಲ್ಲಿರಿ. ಹಣ ವಾರಕ್ಕೊಮ್ಮೆ ಗುಂಪಿನ ಬ್ಯಾಂಕ್ ಖಾತೆಗೆ ಬರಬೇಕು. ಔಷಧಿ ಹೊಡೆದ ದಿನ, ಕಿತ್ತ ದಿನ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಪೇಟೆಯಿಂದ ಬಂದವರು ವಿಷವಿಲ್ಲದ ತರಕಾರಿ ಎಂದರೆ ಎರಡು ಕಾಸು ಹೆಚ್ಚು ಕೊಡುತ್ತಾರೆ, ಆದರೆ ಒಮ್ಮೆ ಸುಳ್ಳೆಂದು ತಿಳಿದರೆ ಮತ್ತೆ ತಿರುಗಿ ನೋಡುವುದಿಲ್ಲ.

ವಸತಿಗೃಹಗಳವರಿಗೂ ಒಂದು ಮಾತು. ಹುಲಿಯ ಚಿತ್ರವನ್ನು ಗೋಡೆಗೆ ಹಾಕಿ ವ್ಯಾಪಾರ ಮಾಡುವವರು ಆ ಹುಲಿಯ ಪಕ್ಕದಲ್ಲಿ ಬದುಕುವವರಿಂದ ಒಂದು ಕಟ್ಟು ಸೊಪ್ಪನ್ನಾದರೂ ಕೊಳ್ಳಬೇಡವೇ?

ಹೊಲಕ್ಕೆ ಬರುವ ಅತಿಥಿ

ಹೂವಿನ ಹೊಲಕ್ಕೆ ಹಣ ಪಡೆಯುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಬೆಳೆ ಕೆಡಬಾರದು. ಸೂರ್ಯಕಾಂತಿಯಲ್ಲಿ ಕಾಳು ಕಟ್ಟಬೇಕಾದರೆ ಜೇನುಹುಳು ಬೇಕೇ ಬೇಕು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಹುಳುಗಳ ಓಡಾಟ ಹೆಚ್ಚು. ಆ ಹೊತ್ತಿನಲ್ಲಿ ಸಾಲುಗಳ ನಡುವೆ ಜನರನ್ನು ಬಿಡಬಾರದು, ಬದುವಿನಿಂದ ನೋಡಲಿ. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟರೆ ಇಳುವರಿಯೂ ಹೆಚ್ಚುತ್ತದೆ, ಬಂದವರಿಗೆ ಮಾರಲು ತುಪ್ಪವೂ ಆಗುತ್ತದೆ. ಹೂ ಬಿಟ್ಟ ಮೇಲೆ ಕೀಟನಾಶಕ ಬೇಡ. ತೀರ ಅನಿವಾರ್ಯವಾದರೆ ಸಂಜೆ ಹೊಡೆದು, ಆಮೇಲೆ ಎರಡು ದಿನ ಯಾರನ್ನೂ ಹೊಲಕ್ಕೆ ಬಿಡಬೇಡಿ. ಚೆಂಡು ಹೂವನ್ನು ಬಣ್ಣ ತೆಗೆಯುವ ಕಾರ್ಖಾನೆಗೆ ಒಪ್ಪಂದದ ಮೇಲೆ ಬೆಳೆದವರು, ಜನ ಕಿತ್ತು ಮುಡಿದುಕೊಂಡ ಹೂವಿನ ತೂಕ ತಮ್ಮದೇ ಲೆಕ್ಕದಿಂದ ಹೋಗುತ್ತದೆಂಬುದನ್ನು ಮರೆಯಬಾರದು. ಓಣಂ ಹೊತ್ತಿಗೆ ಬಿಡಿ ಹೂವಿಗೆ ಕೇರಳದಲ್ಲಿ ಬೇಡಿಕೆ ಇರುವುದರಿಂದ ರಸ್ತೆಯಂಚಿನಲ್ಲೇ ತೂಗಿ ಮಾರಬಹುದು.

ಕಾರುಗಳನ್ನು ಹೆದ್ದಾರಿಯ ಮೇಲೆ ನಿಲ್ಲಿಸಗೊಡದೆ, ಕೊಯ್ಲಾದ ಹೊಲವೊಂದನ್ನು ಅಕ್ಕಪಕ್ಕದ ನಾಲ್ಕು ಮಂದಿ ಸೇರಿ ಬಿಟ್ಟುಕೊಡುವುದು ಒಳ್ಳೆಯದು.

ಜಮೀನು ಮಾರುವ ಮುನ್ನ

ಕಾಡಿಗೆ ಅಂಟಿದ ಜಮೀನಿಗೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಬರುವ ಮಧ್ಯವರ್ತಿಗಳು ಎಲ್ಲ ಹಳ್ಳಿಯಲ್ಲೂ ಇದ್ದಾರೆ. 2012ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಂಡೀಪುರದ ಸುತ್ತಲಿನ 123 ಹಳ್ಳಿಗಳನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದೆ. ಅಲ್ಲಿ ಬೇಸಾಯಕ್ಕೆ ಅಡ್ಡಿಯಿಲ್ಲ. ಆದರೆ ಬೇಸಾಯದ ಭೂಮಿಯನ್ನು ಪರಿವರ್ತಿಸಿ ರೆಸಾರ್ಟ್ ಕಟ್ಟುವುದಕ್ಕೆ ಬಿಗಿಯಾದ ನಿರ್ಬಂಧವಿದೆ. ಆನೆ ನಡೆದಾಡುವ ದಾರಿಗೆ ಅಡ್ಡವಾಗಿ ಒಬ್ಬರು ತಂತಿ ಬೇಲಿ ಹಾಕಿ ಕಟ್ಟಡ ಎಬ್ಬಿಸಿದರೆ ಆನೆ ಪಕ್ಕದವನ ಬಾಳೆಯ ಮೇಲೆ ತಿರುಗುತ್ತದೆ. ಜಮೀನು ಮಾರಿದವನಿಗೆ ಒಮ್ಮೆ ಹಣ ಬಂತು, ಪಕ್ಕದವನಿಗೆ ಪ್ರತಿವರ್ಷ ನಷ್ಟ ಬಂತು. ಮಾರಿದವನ ಮಗ ಅದೇ ಜಾಗದಲ್ಲಿ ಕಾವಲುಗಾರನಾಗಿ ಸಮವಸ್ತ್ರ ತೊಟ್ಟು ನಿಂತದ್ದನ್ನು ನಾನು ಕಂಡಿದ್ದೇನೆ. ತನ್ನ ತಾತ ತೋಡಿಸಿದ ಬಾವಿಗೆ ಹೋಗಲು ಅವನು ಮೇಲ್ವಿಚಾರಕನ ಅಪ್ಪಣೆ ಕೇಳಬೇಕಾಗಿತ್ತು.

ತನ್ನ ಮನೆಯಲ್ಲೇ ಒಂದೆರಡು ಕೋಣೆ ಒಪ್ಪವಾಗಿಟ್ಟು ಅತಿಥಿಗಳನ್ನು ಇರಿಸಿಕೊಳ್ಳುವುದು ಬೇರೆ ಮಾತು. ಮಾಲೀಕ ಆ ಮನೆಯಲ್ಲಿ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು, ಗ್ರಾಮ ಪಂಚಾಯಿತಿಗೆ ತಿಳಿದಿರಬೇಕು. ಹೋಂಸ್ಟೇ ಎಂದು ಫಲಕ ಹಾಕಿ, ರಾತ್ರಿ ಧ್ವನಿವರ್ಧಕ ಹಾಕಿ ಕುಣಿಸುವುದು ಅತಿಥಿ ಸತ್ಕಾರವಲ್ಲ. ಬಂದವರು ರಾಗಿಮುದ್ದೆ, ಹುರುಳಿಕಾಳಿನ ಸಾರು, ಅವರೆಕಾಳಿನ ಉಪ್ಪಿಟ್ಟು ಉಂಡು, ಬೆಳಗಿನ ಹಾಲು ಕರೆಯುವುದನ್ನು ನೋಡಿ ಹೋಗಲಿ. ಅದಕ್ಕೇ ಪೇಟೆಯವರು ಇಂದು ಹಣ ಕೊಡುತ್ತಾರೆ; ನಮಗೆ ಅದು ವಿಚಿತ್ರವೆನಿಸಬಹುದು.

ಬೆಟ್ಟದ ಸೋಲಿಗರು, ಲೊಕ್ಕೆರೆಯ ಲಂಟಾನ

ಕಾಡಿನ ಒಳಗನ್ನು ಬಲ್ಲವರು ಬೇರೆ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು 1970ರ ದಶಕದಲ್ಲಿ ಅಭಯಧಾಮವಾದ ಮೇಲೆ ಕಾಡಿನೊಳಗಿನ ಬೇಸಾಯ ಬಿಡಿಸಿ ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಿಂದ ಅವರ ಮಕ್ಕಳಿಗೆ ಶಾಲೆ, ಆಸ್ಪತ್ರೆ ದೊರೆಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯ ಕೆಳಗೆ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೊರೆತದ್ದು ದೊಡ್ಡ ಸಂಗತಿ. ಪೋಡಿನ ಮರದ ನೆರಳಲ್ಲಿ ಅವರು ಕಾಫಿ, ಮೆಣಸು ಬೆಳೆಯುತ್ತಾರೆ. ದೊಡ್ಡ ಸಂಪಿಗೆ ಮರ ನೋಡಲು ಬರುವವರಿಗೆ ಆ ಮರ ಯಾಕೆ ದೇವರಾಯಿತೆಂದು ಹೇಳಬಲ್ಲವರು ಅವರೇ. ಪುಸ್ತಕ ಓದಿ ಬಂದ ಮಾರ್ಗದರ್ಶಿಗೆ ಕೊಡುವ ಸಂಬಳವನ್ನು ಒಬ್ಬ ಸೋಲಿಗ ಯುವಕನಿಗೆ ಕೊಟ್ಟು ನೋಡಲಿ, ಅತಿಥಿಗೂ ಲಾಭ.

ಬಂಡೀಪುರದ ಅಂಚಿನ ಲೊಕ್ಕೆರೆಯಲ್ಲಿ ಜಂಗಲ್‌ಸ್ಕೇಪ್ಸ್ ಎಂಬ ಸಂಸ್ಥೆ ಜೇನುಕುರುಬರೂ ಸೇರಿದ ಸ್ಥಳೀಯರ ಕೈಯಲ್ಲೇ ಲಂಟಾನ ಕೀಳಿಸಿ, ಹುಲ್ಲು ಮತ್ತು ನಾಡಮರಗಳು ಮತ್ತೆ ಬರುವಂತೆ ಮಾಡಿಸುತ್ತ ಬಂದಿದೆ. ಲಂಟಾನ ಹಬ್ಬಿದ ಕಾಡಿನಲ್ಲಿ ಹುಲ್ಲು ಏಳದು. ಮೇವು ಇಲ್ಲದಿದ್ದರೆ ಆನೆ, ಜಿಂಕೆ ಹೊಲಕ್ಕೆ ಬರದೆ ಎಲ್ಲಿಗೆ ಹೋದಾವು? ಕಿತ್ತ ಲಂಟಾನದ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಹಳ್ಳಿಗಳಲ್ಲಿ ಅದರಿಂದ ಕುರ್ಚಿ, ಬುಟ್ಟಿ ಹೆಣೆಯುವವರಿದ್ದಾರೆ. ಗಡಿಯಾಚೆಯ ಗೂಡಲೂರು ಸೀಮೆಯ ಆದಿವಾಸಿಗಳು ಲಂಟಾನದಲ್ಲಿ ಮಾಡಿದ ಆನೆಯ ಗೊಂಬೆಗಳು ನಿಜವಾದ ಆನೆಯ ಗಾತ್ರದಲ್ಲಿ ಲಂಡನ್, ನ್ಯೂಯಾರ್ಕ್ ನಗರಗಳವರೆಗೆ ಹೋಗಿವೆ.

ಸೌದೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ವನ್ಯಜೀವಿ ಚಿತ್ರ ತೆಗೆಯುವ ಕೃಪಾಕರ–ಸೇನಾನಿ ಕಟ್ಟಿದ ನಮ್ಮ ಸಂಘ ಬಂಡೀಪುರದ ಅಂಚಿನ ಹಳ್ಳಿಗಳ ಸಾವಿರಾರು ಮನೆಗಳಿಗೆ ಅಡುಗೆ ಅನಿಲ ಕೊಡಿಸಿತು. ಹೆಂಗಸರು ಸೌದೆಗೆಂದು ಕಾಡಿಗೆ ಹೋಗಿ ಆನೆಯ ಎದುರು ನಿಲ್ಲುವುದು ಆ ಮಟ್ಟಿಗೆ ತಪ್ಪಿತು. ಉಪದೇಶ ಮಾಡಿ ಬಿಡಿಸಲಾಗದ್ದನ್ನು ಒಂದು ಸಿಲಿಂಡರ್ ಬಿಡಿಸಿತು.

ಕೇಳಿ ಪಡೆಯಬೇಕಾದ ಪಾಲು

ಸಫಾರಿಯ ಟಿಕೆಟ್ ಹಣ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2006ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಕಾಡಿನ ರಕ್ಷಣೆಯ ಜೊತೆಗೆ ಸ್ಥಳೀಯ ಜನರನ್ನು ಸೇರಿಸಿಕೊಂಡು ಪ್ರವಾಸೋದ್ಯಮ ನಡೆಸುವುದೂ ಅದರ ಉದ್ದೇಶಗಳಲ್ಲಿ ಒಂದೆಂದು ಕಾಯಿದೆಯೇ ಹೇಳುತ್ತದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ನಿಯಮಗಳು, ಪ್ರವಾಸಿಗರನ್ನು ಕಾಡಿನ ಮುಖ್ಯಭಾಗದ ಶೇ. 20ಕ್ಕಿಂತ ಹೆಚ್ಚು ಜಾಗಕ್ಕೆ ಬಿಡಬಾರದು, ಸ್ಥಳೀಯ ಸಲಹಾ ಸಮಿತಿ ಇರಬೇಕು ಎನ್ನುತ್ತವೆ. ಹಳ್ಳಿಗಳಲ್ಲಿ ಪರಿಸರ ಅಭಿವೃದ್ಧಿ ಸಮಿತಿಗಳಿವೆ. ಅವು ಎಷ್ಟು ಸಲ ಸಭೆ ಸೇರಿವೆ, ಸೇರಿದಾಗ ಯಾವ ರೈತ ಹೋಗಿದ್ದಾನೆ ಎಂಬುದನ್ನು ನಿಮ್ಮ ನಿಮ್ಮ ಊರಿನಲ್ಲೇ ವಿಚಾರಿಸಿ.

ನೆರೆಯ ನೇಪಾಳದಲ್ಲಿ ರಾಷ್ಟ್ರೀಯ ಉದ್ಯಾನಗಳ ವರಮಾನದ ಶೇ. 30ರಿಂದ 50 ಭಾಗ ಅಂಚಿನ ಹಳ್ಳಿಗಳ ಸಮಿತಿಗಳಿಗೆ ಹೋಗಬೇಕೆಂದು 1996ರಿಂದ ನಿಯಮವೇ ಇದೆ. ಆಫ್ರಿಕಾದ ನಮೀಬಿಯ ದೇಶ ಅದೇ ವರ್ಷ ಕಾನೂನು ಮಾಡಿ, ಸಮುದಾಯದ ಭೂಮಿಯಲ್ಲಿರುವ ಜನ ಸಂಘ ಕಟ್ಟಿಕೊಂಡು ವನ್ಯಜೀವಿ ಪ್ರವಾಸದ ವರಮಾನ ಪಡೆಯುವ ಹಕ್ಕು ಕೊಟ್ಟಿತು. ಅಲ್ಲಿಯೂ ಸಿಂಹ ದನ ತಿನ್ನುತ್ತದೆ, ಆನೆ ಬೆಳೆ ತುಳಿಯುತ್ತದೆ. ಅಷ್ಟು ದೂರ ಹೋಗುವುದು ಬೇಡವೆಂದರೆ ಕೇರಳದ ಪೆರಿಯಾರ್ ಇದೆ. ಕಾಡಿನ ದಾಲ್ಚಿನ್ನಿ ತೊಗಟೆ ಕದಿಯುತ್ತಿದ್ದವರನ್ನೇ ಅಲ್ಲಿ 1990ರ ದಶಕದ ಕೊನೆಯಲ್ಲಿ ಸಂಘವಾಗಿ ಕೂಡಿಸಿ, ಪ್ರವಾಸಿಗರಿಗೆ ದಾರಿ ತೋರಿಸುವವರನ್ನಾಗಿ, ಕಾಡು ಕಾಯುವವರನ್ನಾಗಿ ಮಾಡಿದರು. ಕಳ್ಳದಾರಿ ಬಲ್ಲವನಿಗಿಂತ ಒಳ್ಳೆಯ ಕಾವಲುಗಾರ ಯಾರು?

ಪ್ರವಾಸಿಗರಿಗೂ ಕಟ್ಟುಪಾಡು ಬೇಕು. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡದೆ ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ಯುವ ಏರ್ಪಾಡಾದ ಮೇಲೆ ಬೆಟ್ಟದ ಗದ್ದಲ ಎಷ್ಟು ಇಳಿಯಿತೆಂಬುದನ್ನು ಭಕ್ತರೇ ಬಲ್ಲರು. ಎರಡೂ ಹೆದ್ದಾರಿಗಳಲ್ಲಿ 2009ರಿಂದ ಬಂದ ರಾತ್ರಿ ಸಂಚಾರದ ನಿಷೇಧವನ್ನು ಉಚ್ಚ ನ್ಯಾಯಾಲಯ 2010ರಲ್ಲಿ ಎತ್ತಿಹಿಡಿಯಿತು. ಇಷ್ಟಾದರೂ 2025ರ ಆಗಸ್ಟ್‌ನಲ್ಲಿ ಕೆಕ್ಕನಹಳ್ಳದ ಬಳಿ ಒಬ್ಬರು ಆನೆಯ ಜೊತೆ ಸೆಲ್ಫಿ ತೆಗೆಯಲು ಹೋಗಿ ತುಳಿತಕ್ಕೆ ಸಿಕ್ಕಿ ಬದುಕಿ ಉಳಿದರು. ಮೇಲೆ 25,000 ರೂಪಾಯಿ ದಂಡ ತೆತ್ತರು.

ಹಸು ಸತ್ತಾಗ ಮಾಡಬೇಕಾದ್ದು

ಮೇಲೆ ಹೇಳಿದ್ದೆಲ್ಲ ಆಗುವುದಕ್ಕೆ ಮುಂಚೆ, ನಾಳೆ ಬೆಳಿಗ್ಗೆಯೇ ಕೊಟ್ಟಿಗೆಯ ಹಸುವನ್ನು ಹುಲಿ ಎಳೆದೊಯ್ದಿದ್ದರೆ ಏನು ಮಾಡಬೇಕು? ಕಳೇಬರವನ್ನು ಕದಲಿಸಬೇಡಿ. ಚಿತ್ರ ತೆಗೆದುಕೊಳ್ಳಿ. ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ, ವಲಯ ಅರಣ್ಯಾಧಿಕಾರಿಗೂ ಪಶುವೈದ್ಯರಿಗೂ ತಿಳಿಸಿ. ಬೆಳೆ ಹಾನಿಯಾದರೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಸಿದ್ಧವಿರಲಿ; ಅರ್ಜಿ ಇಲಾಖೆಯ ಇ–ಪರಿಹಾರ ವ್ಯವಸ್ಥೆಗೆ ಸೇರಬೇಕು. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ ಅರ್ಜಿ ತುಂಬಿಸಿಕೊಡಲೆಂದೇ 2015ರಲ್ಲಿ ವೈಲ್ಡ್ ಸೇವೆ ಎಂಬ ಸಹಾಯ ಆರಂಭವಾಯಿತು. ಹಣ ಕೇಳದೆ ಬಂದು ಬರೆದುಕೊಡುವ ಕೆಲಸ ಅದು. ಅದರ ನೆರವನ್ನು ವಿಚಾರಿಸಿ. ಪರಿಹಾರ ತಡವಾಗುತ್ತದೆ, ಕಡಿಮೆಯಾಗುತ್ತದೆ ಎಂಬ ದೂರು ಸುಳ್ಳಲ್ಲ. ಆದರೂ ಅರ್ಜಿ ಹಾಕದಿದ್ದ ನಷ್ಟ ಸರ್ಕಾರದ ಪುಸ್ತಕದಲ್ಲಿ ನಷ್ಟವೇ ಅಲ್ಲ.

ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕಿದರೆ ಹುಲಿಯೊಂದೇ ಸಾಯುವುದಿಲ್ಲ. ಹಾಕಿದವನೂ ಜೈಲು ಸೇರಿ ಅವನ ಮನೆ ಬೀದಿಗೆ ಬರುತ್ತದೆ. ಬೇಲಿಗೆ ನೇರ ವಿದ್ಯುತ್ ಹರಿಸಿದರೂ ಅದೇ ಗತಿ. ನಾಲ್ಕೈದು ಬಡಕಲು ದನಗಳ ಬದಲು ಎರಡು ಒಳ್ಳೆಯ ಹಸು ಕಟ್ಟಿ, ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲು ಬೆಳೆದು ಕೊಟ್ಟಿಗೆಯಲ್ಲೇ ಮೇಯಿಸಿದರೆ ಹಾಲೂ ಹೆಚ್ಚು, ಗೊಬ್ಬರವೂ ನಮ್ಮ ಹೊಲಕ್ಕೆ.

ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಒಂದೊಂದು ಸಾಲು. ರಾಗಿ ಕೈಕೊಟ್ಟರೂ ಅಕ್ಕಡಿ ಕೈಹಿಡಿಯುತ್ತಿತ್ತು. ಪ್ರವಾಸಿಗರ ಹಣವನ್ನು ಆ ಲೆಕ್ಕದಲ್ಲಿಡಿ. ರಾಗಿ ಬಿಟ್ಟು ಬರೀ ಅಕ್ಕಡಿ ಹಾಕಿದವನು 2025ರ ನವೆಂಬರ್‌ನಂಥ ತಿಂಗಳು ಬಂದಾಗ ಏನು ಉಂಡಾನು?

ಈ ಬಗ್ಗೆ ಗುಂಪು ಕಟ್ಟಬೇಕೆನ್ನುವವರು ಕಸಬಾ, ಹಂಗಳ, ಬೇಗೂರು, ತೆರಕಣಾಂಬಿ ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ವಿಚಾರಿಸಬಹುದು. ರಸ್ತೆಯಂಚಿನ ಹೊಲದವರು ಸೂರ್ಯಕಾಂತಿ ಬಿತ್ತುವಾಗಲೇ ಬದುವಿನ ಪಕ್ಕ ಮೂರು ಅಡಿ ಕಾಲುದಾರಿ, ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗ ಅಳೆದು ಬಿಟ್ಟಿರಲಿ. ಹೂ ಬಿಟ್ಟ ಮೇಲೆ ದಾರಿ ಮಾಡಲು ಹೋದರೆ ಗಿಡ ಕಡಿಯಬೇಕಾಗುತ್ತದೆ.